ಫಾಲ್ಗುಣದ ಕಾಡು ಮತ್ತು ಅದರ ಅತಿಥಿಗಳು

ಮಾಘ ಮಾಸ ಮುಗಿಯುತ್ತ ಬಂದು ಶಿವರಾತ್ರಿ ಸಮೀಪಿಸಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಗಾಳಿಯ ದಿಕ್ಕು ಬದಲಾಗುತ್ತದೆ. ಕಂಪಲಾಪುರದ ಕಡೆಯ ರೈತರು ಹಿಂದಿನ ಹೊಗೆಸೊಪ್ಪಿನ ಲೆಕ್ಕ ಚುಕ್ತಾ ಮಾಡಿಕೊಂಡು ಮುಂದಿನ ಬೆಳೆಯ ಸಸಿಮಡಿಗೆ ನೆಲ ಹದಮಾಡುವ ಕಾಲ ಅದು. ಅದೇ ಹೊತ್ತಿಗೆ ಮೈಸೂರಿನಿಂದ ಬರುವ ಹೆದ್ದಾರಿಯಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ಕೆಲವು ಕಂಪಲಾಪುರವನ್ನು ದಾಟಿ ಕೊಡಗಿನತ್ತ ಸಾಗುತ್ತವೆ; ಕೆಲವು ಹುಣಸೂರಿನಲ್ಲಿಯೇ ತಿರುಗಿ ವೀರನಹೊಸಹಳ್ಳಿಯ ದಾರಿ ಹಿಡಿಯುತ್ತವೆ. ವೀರನಹೊಸಹಳ್ಳಿಯ ತಪಾಸಣಾ ಠಾಣೆಯಾಚೆಗಿರುವುದು ನಾಗರಹೊಳೆಯ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಹೋಗುವವರಲ್ಲಿ ಬಹುಮಂದಿಯ ಬಯಕೆ ಒಂದೇ: ಹುಲಿಯನ್ನು ಕಾಣಬೇಕು.

ಬಯಕೆ ತಪ್ಪಲ್ಲ. 2022ರ ಗಣತಿಯ ಪ್ರಕಾರ ಈ ಅಭಯಾರಣ್ಯದಲ್ಲಿದ್ದ ಹುಲಿಗಳ ಸಂಖ್ಯೆ 141. ಕಾರ್ಬೆಟ್ ಮತ್ತು ಬಂಡೀಪುರಗಳನ್ನು ಬಿಟ್ಟರೆ ದೇಶದ ಬೇರಾವ ಹುಲಿ ಅಭಯಾರಣ್ಯದಲ್ಲಿಯೂ ಆಗ ಅಷ್ಟು ಹುಲಿಗಳು ಕಂಡುಬರಲಿಲ್ಲ. ಆದರೆ ಹುಲಿಯೊಂದನ್ನೇ ಅರಸುವ ಕಣ್ಣಿಗೆ ಫಾಲ್ಗುಣದ ಕಾಡು ಬರಡಾಗಿ ತೋರುತ್ತದೆ. ‘ಎಲ್ಲ ಒಣಗಿಹೋಗಿದೆ, ಏನೂ ಇಲ್ಲ’ ಎಂದು ಮರಳುವವರ ಮಾತು ಆ ದಿನಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಮಾತಿನಷ್ಟು ಸತ್ಯಕ್ಕೆ ದೂರವಾದುದು ಮತ್ತೊಂದಿಲ್ಲ.

ಎಲೆಯುದುರಿಸುವ ಮರಗಳಿಗೆ ಎಲೆಯುದುರಿಸುವುದು ಸಾವಲ್ಲ, ಉಳಿತಾಯ. ನೆಲದ ತೇವ ಕಡಿಮೆಯಾಗುತ್ತ ಬಂದಾಗ ಎಲೆಗಳ ಮೂಲಕ ನೀರು ಆವಿಯಾಗಿ ಹೋಗದಂತೆ ಮರವು ತನ್ನ ವೆಚ್ಚವನ್ನು ತಗ್ಗಿಸಿಕೊಳ್ಳುತ್ತದೆ. ಎಲೆಯ ಮರೆ ಸರಿದಾಗ ಮಳೆಗಾಲದಲ್ಲಿ ಒಂದೇ ಹಸಿರಾಗಿ ಕಂಡ ಕಾಡಿನ ಒಂದೊಂದು ಮರವೂ ತನ್ನ ನಿಜರೂಪವನ್ನು ತೋರುತ್ತದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಬಿರಿದಿರುತ್ತದೆ. ನಂದಿಯ ಕಾಂಡ ಹಳೆಯ ಸಿಪ್ಪೆಯನ್ನು ಕಳಚಿ ನುಣ್ಣಗೆ ಬೆಳ್ಳಗೆ ನಿಂತಿರುತ್ತದೆ. ತೇಗದ ಅಡಿಯಲ್ಲಿ ಮೊರದಗಲದ ಎಲೆಗಳು ಹಪ್ಪಳದಂತೆ ಒಣಗಿ ಬಿದ್ದಿರುತ್ತವೆ. ಅವುಗಳ ಮೇಲೆ ಒಂದು ಕಾಡುಕೋಳಿ ನಡೆದರೂ ಜಿಂಕೆಗಳ ಹಿಂಡು ಕಿವಿ ನಿಮಿರಿಸುತ್ತದೆ.

ಈ ಬೋಳು ಮರಗಳ ನಡುವೆ ಬೂರುಗ ಮೊದಲು ಹೂಬಿಡುತ್ತದೆ. ಒಂದೆಲೆಯೂ ಇಲ್ಲದ ಕೊಂಬೆಯಲ್ಲಿ ಅಂಗೈಯಗಲದ ಕೆಂಪು ಹೂಗಳು, ದಪ್ಪ ದಳದ ಬಟ್ಟಲುಗಳು, ಅವುಗಳ ತಳದಲ್ಲಿ ಮಕರಂದ. ಬೆಳಕು ಹರಿಯುತ್ತಲೇ ಗೊರವಂಕ, ಗಿಳಿ, ಕಾಜಾಣ, ಪಿಕಳಾರಗಳು ಅಲ್ಲಿ ಸೇರುತ್ತವೆ. ಮುಸುವಗಳು ಹೂವನ್ನು ಕಿತ್ತು ಅರ್ಧ ತಿಂದು ಅರ್ಧ ಕೆಳಗೆಸೆಯುತ್ತವೆ. ಮರದ ಬುಡದಲ್ಲಿ ಜಿಂಕೆಗಳು ಆ ಎಂಜಲಿಗಾಗಿ ಕಾದಿರುತ್ತವೆ. ಹುಲ್ಲು ಒರಟಾಗಿ ಒಣಗಿದ ಕಾಲದಲ್ಲಿ ಈ ಹೂವೇ ಅವುಗಳಿಗೆ ರಸವುಳ್ಳ ಆಹಾರ. ಮೇಲೆ ಕುಳಿತ ಮುಸುವ ದೂರದ ಹುಲಿಯನ್ನೋ ಚಿರತೆಯನ್ನೋ ಕಂಡು ಕೂಗಿದರೆ ಕೆಳಗಿನ ಜಿಂಕೆಗಳು ಓಡಿ ಬದುಕಿಕೊಳ್ಳುತ್ತವೆ. ಊಟವೂ ಎಚ್ಚರಿಕೆಯೂ ಒಂದೇ ಮರದಿಂದ ಇಳಿದುಬರುವ ಈ ಏರ್ಪಾಡನ್ನು ಅರ್ಧ ಗಂಟೆ ತಾಳ್ಮೆಯಿಂದ ನೋಡಬಲ್ಲವನಿಗೆ ಹುಲಿ ಕಾಣದಿದ್ದರೂ ಹುಲಿಯ ಇರವು ತಿಳಿಯುತ್ತದೆ. ಬೂರುಗದ ಬೆನ್ನಿಗೇ ಮುತ್ತುಗ ಬರುತ್ತದೆ. ಊಟದೆಲೆಗೆಂದು ಹಳ್ಳಿಗರು ಬಲ್ಲ ಆ ಮರ ಎಲೆಯನ್ನೆಲ್ಲ ಕಳೆದುಕೊಂಡು ಕಿತ್ತಳೆಗೆಂಪಿನ ಗೊಂಚಲಾಗಿ ನಿಂತಾಗ, ಅದರ ಕೆಳಗೆ ದಿನವೂ ಓಡಾಡುವವರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಹೆಜ್ಜೇನುಗಳು ಹಿಂದಿರುಗಿ ಹೆಮ್ಮರಗಳಲ್ಲಿ ಹುಟ್ಟು ಕಟ್ಟತೊಡಗುವುದೂ ಈ ಹೂಗಳ ಕಾಲದಲ್ಲಿಯೇ. ಪಶ್ಚಿಮಕ್ಕೆ ಬ್ರಹ್ಮಗಿರಿಯ ಸಾಲು ಬಿಸಿಲಿನ ಮಂಜಿನಲ್ಲಿ ಮಸುಕಾಗಿ ಕಾಣುತ್ತದೆ. ಅದರ ಮಗ್ಗುಲಿನ ಕುಟ್ಟದ ತೋಟಗಳಲ್ಲಿ ಹೂಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಕಾಫಿಯ ಗಿಡಗಳು ಬೆಳ್ಳಗಾಗುತ್ತವೆ.

ದಕ್ಷಿಣದಲ್ಲಿ ಕಬಿನಿಯ ಹಿನ್ನೀರಿನದು ಬೇರೆಯದೇ ನೋಟ. 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನದಿಯ ಎರಡು ದಡದ ಕಾಡೂ ಊರುಗಳೂ ನೀರಿನಡಿಗೆ ಸೇರಿದವು. ಬೇಸಗೆ ಹತ್ತಿರವಾದಂತೆ ನೀರು ಹಿಂದೆ ಸರಿಯುತ್ತದೆ. ಸರಿದ ಜಾಗದ ಒದ್ದೆ ಮಣ್ಣಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಒಳಕಾಡಿನ ಕೆರೆಕಟ್ಟೆಗಳು ಬತ್ತುವ ಹೊತ್ತಿಗೆ ಸರಿಯಾಗಿ ಇಲ್ಲಿ ಹುಲ್ಲೂ ನೀರೂ ಒಟ್ಟಿಗೆ ದೊರಕುವುದರಿಂದ ಸುತ್ತಲಿನ ಕಾಡುಗಳ ಆನೆಗಳು ಹಿಂಡುಹಿಂಡಾಗಿ ಇಳಿದುಬರುತ್ತವೆ. ಮನುಷ್ಯನ ಅಣೆಕಟ್ಟು ಒಂದು ಕಾಡನ್ನು ಮುಳುಗಿಸಿ ಆನೆಗಳಿಗೆ ಬೇಸಗೆಯ ಹುಲ್ಲುಗಾವಲನ್ನು ಒದಗಿಸಿತೆಂಬುದು ವಿಚಿತ್ರವಾದರೂ ನಿಜ.

ಆನೆಯನ್ನು ನೋಡಲೆಂದು ಅತಿಥಿಗಳು ಇಲ್ಲಿಗೆ ಬರುವುದು ಹೊಸದಲ್ಲ. ಕಾಕನಕೋಟೆಯ ಖೆಡ್ಡಾ ಒಂದು ಕಾಲಕ್ಕೆ ದೇಶದೇಶಗಳಲ್ಲಿ ಹೆಸರಾಗಿತ್ತು. ಕಾಡಾನೆಗಳನ್ನು ತಮಟೆ, ಬೆಂಕಿ, ಕೂಗುಗಳಿಂದ ಹೆದರಿಸಿ, ಕಬಿನಿಯ ನೀರಿಗಿಳಿಸಿ, ದಾಟಿಸಿ, ಮರದ ದಿಮ್ಮಿಗಳ ದೊಡ್ಡಿಗೆ ನುಗ್ಗಿಸುವ ಆ ದೃಶ್ಯವನ್ನು ನೋಡಲು ಕಾರಾಪುರದಲ್ಲಿ ಡೇರೆಗಳು ಏಳುತ್ತಿದ್ದವು. 1906ರಲ್ಲಿ ಇಂಗ್ಲೆಂಡಿನ ಯುವರಾಜನೇ ಬಂದಿದ್ದನು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಅಂದಿನ ಅತಿಥಿ ಅಟ್ಟಣೆಯ ಮೇಲೆ ಕುಳಿತು ಆನೆಯ ಬಂಧನವನ್ನು ನೋಡಿದನು. ಇಂದಿನ ಅತಿಥಿ ವಾಹನದಲ್ಲಿ ಕುಳಿತು ಸ್ವಚ್ಛಂದವಾದ ಆನೆಯನ್ನು ನೋಡುತ್ತಾನೆ. ಇದು ಸಾಮಾನ್ಯವಾದ ಮುನ್ನಡೆಯಲ್ಲ. ಆದರೆ ಇಬ್ಬರಿಗೂ ಒಂದು ಸಾಮ್ಯವಿದೆ. ಆನೆಯನ್ನು ಅಟ್ಟಿದ ಕುರುಬನ ಹೆಸರು ಅಂದಿನ ಅತಿಥಿಗೆ ತಿಳಿಯಲಿಲ್ಲ. ಬೆಂಕಿಯನ್ನು ಕಾಯುವವನ ಹೆಸರು ಇಂದಿನ ಅತಿಥಿಗೆ ತಿಳಿಯುವುದಿಲ್ಲ.

ಬೆಂಕಿಯೇ ಈ ಋತುವಿನ ನಿಜವಾದ ಸುದ್ದಿ. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಅರಣ್ಯದ ಸಿಬ್ಬಂದಿಗೆ ನಿದ್ದೆಯಿಲ್ಲ. ಚಳಿಗಾಲದಲ್ಲಿಯೇ ಕಾಡಿನ ಅಂಚಿನಲ್ಲಿಯೂ ರಸ್ತೆಗಳ ಇಕ್ಕೆಲಗಳಲ್ಲಿಯೂ ಹುಲ್ಲು ತರಗುಗಳನ್ನು ಸವರಿ, ಹದವಾಗಿ ಸುಟ್ಟು, ಬೆಂಕಿ ರೇಖೆಗಳನ್ನು ಎಳೆಯುತ್ತಾರೆ. ಸ್ಥಳೀಯರನ್ನು, ಅದರಲ್ಲಿಯೂ ಜೇನುಕುರುಬ, ಬೆಟ್ಟಕುರುಬ ಯುವಕರನ್ನು, ಕೆಲವು ತಿಂಗಳ ಮಟ್ಟಿಗೆ ಬೆಂಕಿ ಕಾವಲಿಗೆ ನೇಮಿಸಿಕೊಳ್ಳುತ್ತಾರೆ. ಈ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಬಿದಿರು ಬಿದಿರು ಉಜ್ಜಿ ಕಿಡಿ ಹಾರಿತೆಂಬುದು ಹೇಳಲು ಸೊಗಸಾದ ಕತೆಯಷ್ಟೆ. ಹೊಸ ಹುಲ್ಲಿಗಾಗಿ ಹಚ್ಚುವವರು, ಉದುರಿದ ಜಿಂಕೆಯ ಕೊಂಬನ್ನು ಆರಿಸಲೆಂದು ತರಗನ್ನು ಸುಡುವವರು, ಇಲಾಖೆಯ ಮೇಲಿನ ಹಗೆಯನ್ನು ಮರದ ಮೇಲೆ ತೀರಿಸುವವರು, ಸೇದಿದ ಬೀಡಿಯನ್ನು ಆರಿಸದೆ ಎಸೆಯುವವರು, ಹೀಗೆ ಕಿಡಿಯ ಹಿಂದೆ ಹೆಚ್ಚಾಗಿ ಒಂದು ಮನುಷ್ಯನ ಕೈ ಇರುತ್ತದೆ. ಅದರ ಮೇಲೆ ಲಾಂಟಾನದ ಪೊದೆ ಆಳೆತ್ತರಕ್ಕೆ ಹಬ್ಬಿದೆ. ನೆಲದಲ್ಲಿ ಹರಿಯಬೇಕಾದ ಬೆಂಕಿ ಆ ಪೊದೆಯನ್ನು ಏಣಿಯಾಗಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ.

2019ರ ಫೆಬ್ರುವರಿಯಲ್ಲಿ ನೆರೆಯ ಬಂಡೀಪುರದಲ್ಲಿ ಎದ್ದ ಬೆಂಕಿ ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಮಿಕ್ಕಿದ ಕಾಡನ್ನು ಬೂದಿಮಾಡಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿಯನ್ನು ಆರಿಸುತ್ತಿದ್ದ ಎಳೆಯ ವಯಸ್ಸಿನ ಅರಣ್ಯ ರಕ್ಷಕನೊಬ್ಬನು ಅದಕ್ಕೆ ಬಲಿಯಾದನು. ನಾಗರಹೊಳೆಯೂ ಬೆಲೆ ತೆತ್ತಿದೆ. 2018ರ ಮಾರ್ಚ್ 3ರಂದು ಇಲ್ಲಿಯ ನಿರ್ದೇಶಕರಾಗಿದ್ದ ಮಣಿಕಂಠನ್ ಅವರು ಬೆಂಕಿ ಬಿದ್ದ ಪ್ರದೇಶವನ್ನು ಪರಿಶೀಲಿಸಲು ಕಾಲ್ನಡಿಗೆಯಲ್ಲಿ ಹೋಗಿದ್ದಾಗ ಕಾಡಾನೆಯ ತುಳಿತಕ್ಕೆ ಸಿಕ್ಕಿ ಅಸುನೀಗಿದರು. ಅಧಿಕಾರದ ಪೀಠದಲ್ಲಿ ಕುಳಿತು ವರದಿ ತರಿಸಿಕೊಳ್ಳಬಹುದಾಗಿದ್ದ ಅಧಿಕಾರಿ ಅವರು. ಕಾಡಿನ ಬಾಗಿಲಲ್ಲಿ ಚೀಟಿ ಪಡೆಯುವ ಅತಿಥಿಗೆ ಹುಲಿ ಎಲ್ಲಿ ಕಂಡಿತೆಂಬುದನ್ನು ಹೇಳುವವರಿದ್ದಾರೆ. ಈ ಸಂಗತಿಯನ್ನು ಹೇಳುವವರು ವಿರಳ.

ಇನ್ನು ಕಾಡಂಚಿನ ಜನರ ಮಾತು. ಹೊಲದಲ್ಲಿ ರಾತ್ರಿ ಕಾವಲು ಕುಳಿತವನಿಗೆ ಆನೆಯೆಂದರೆ ಸೌಂದರ್ಯವಲ್ಲ. ಆನೆಗಳನ್ನು ತಡೆಯಲು ಕಂದಕ ತೋಡಿದರು, ಸೋಲಾರ್ ತಂತಿ ಎಳೆದರು, ರೈಲು ಹಳಿಗಳ ಬೇಲಿಯನ್ನೂ ನೆಟ್ಟರು; ಒಂದೊಂದಕ್ಕೂ ಒಂದೊಂದು ಉಪಾಯವನ್ನು ಆನೆ ಕಂಡುಕೊಂಡಿತು. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ತಾಲ್ಲೂಕಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಪ್ರಾಣ ಕಳೆದುಕೊಂಡಾಗ ಜನರ ಸಿಟ್ಟು ಸಫಾರಿಯ ಮೇಲೆ ತಿರುಗಿತು. ವಾಹನಗಳ ಸದ್ದಿಗೆ ಬೆದರಿಯೇ ಹುಲಿ ಹೊರಗೆ ಬರುತ್ತಿದೆಯೆಂದು ಅವರು ದೂರಿದರು. ಅರಣ್ಯ ಸಚಿವರು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಆದೇಶಿಸಿದರು. ಸಫಾರಿಯ ಸಿಬ್ಬಂದಿಯನ್ನು ಊರಂಚಿನ ಕಾವಲಿಗೆ ಬಳಸಲಾಯಿತು. ಹುಲಿ ಹೊರಬರುವುದಕ್ಕೆ ವಾಹನವೇ ಕಾರಣವೆಂಬುದು ಅವಸರದ ತೀರ್ಪು. ಮುಪ್ಪಾದ ಇಲ್ಲವೆ ಗಾಯಗೊಂಡ ಹುಲಿ, ತನ್ನದೇ ಸೀಮೆಯನ್ನು ಅರಸುವ ಪ್ರಾಯದ ಹುಲಿ, ಕಾಡಿನ ಅಂಚಿಗೆ ಬರುವುದು ಎಂದಿನಿಂದಲೂ ಇದೆ. ಆದರೂ ಆ ಸಿಟ್ಟಿನ ಒಳಗಿದ್ದ ಪ್ರಶ್ನೆ ಮಾತ್ರ ಅವಸರದ್ದಲ್ಲ. ಹತ್ತು ಜನರನ್ನು ಹುಲಿಯ ಬಳಿಗೆ ಒಯ್ಯಲು ಸಿಬ್ಬಂದಿಯಿದ್ದಾಗ, ಹುಲಿಯನ್ನು ಹತ್ತು ಊರುಗಳಿಂದ ದೂರವಿಡಲು ಸಿಬ್ಬಂದಿ ಸಾಲದೇಕೆ?

ಕಾಡಿನ ಮೂಲನಿವಾಸಿಗಳ ಪ್ರಶ್ನೆ ಇದಕ್ಕಿಂತಲೂ ಹರಿತವಾದುದು. ಹಾಡಿಗಳಿಂದ ಹೊರಬಂದ ಕುಟುಂಬಗಳಲ್ಲಿ ಕೆಲವಕ್ಕೆ ಹೊಲ, ಮನೆ, ಶಾಲೆ, ರಸ್ತೆಗಳು ದೊರೆತವೆಂಬುದನ್ನು ಅಲ್ಲಗಳೆಯಲಾಗದು. ಹುಣಸೂರಿನ ಸಮೀಪದ ನಾಗಾಪುರದಂಥ ಪುನರ್ವಸತಿ ಗ್ರಾಮಗಳು ಅದಕ್ಕೆ ನಿದರ್ಶನ. ಆದರೆ ಕಾಡಿನಲ್ಲಿ ಹುಟ್ಟಿದವನು ಜೇನು ತೆಗೆಯಲು ಹೋದರೆ ಅಪರಾಧಿ, ಹಣ ಕೊಟ್ಟು ಬಂದವನು ಅತಿಥಿ ಎಂಬ ವ್ಯತ್ಯಾಸವನ್ನು ಅವರಿಗೆ ಯಾವ ವಾದದಿಂದಲೂ ಒಪ್ಪಿಸಲಾಗಿಲ್ಲ. ನಾಗರಹೊಳೆಯ ಒಳಗಡೆಯೇ, ಮೂರ್ಕಲ್ಲಿನಲ್ಲಿ, ದೊಡ್ಡ ಹೋಟೆಲೊಂದು ಏಳಹೊರಟಾಗ ಅದನ್ನು ಎದುರಿಸಿ ನಿಂತವರು ಈ ಜನರೇ. 1997ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅಂದು ಆ ಹೋಟೆಲು ತಲೆಯೆತ್ತಿದ್ದರೆ ಉದ್ಯಾನದ ನಡುವೆ ಇಂದು ರಾತ್ರಿಯಿಡೀ ದೀಪ ಉರಿಯುತ್ತಿತ್ತು.

ಅತಿಥಿಗಳನ್ನು ಬಿಡಲೇಬಾರದೆಂದು ವಾದಿಸುವವರಿದ್ದಾರೆ. ಅದು ಸರಿಯಲ್ಲ. ಯಾರೂ ನೋಡದ ಕಾಡನ್ನು ಕಳ್ಳಬೇಟೆಗಾರನು ಮಾತ್ರ ನೋಡುತ್ತಾನೆ. ವಾಹನ ಓಡಿಸುವವರು, ಅಡಿಗೆ ಮಾಡುವವರು, ದಾರಿ ತೋರುವವರು, ಹೀಗೆ ಕಾಡಂಚಿನ ಎಷ್ಟೋ ಮನೆಗಳ ಒಲೆ ಈ ಪ್ರವಾಸಿಗರಿಂದ ಉರಿಯುತ್ತದೆ. ಹುಲಿ ಅಭಯಾರಣ್ಯಗಳ ಮೂಲವಲಯದಲ್ಲಿ ಶೇಕಡ 20ಕ್ಕಿಂತ ಹೆಚ್ಚಿನ ಭಾಗವನ್ನು ಪ್ರವಾಸಕ್ಕೆ ಬಳಸಬಾರದೆಂದು 2012ರಲ್ಲಿಯೇ ರಾಷ್ಟ್ರಮಟ್ಟದ ಮಾರ್ಗಸೂಚಿ ಬಂದಿದೆ. ಮೈಸೂರು ಮಾನಂದವಾಡಿ ರಸ್ತೆಯಲ್ಲಿ ರಾತ್ರಿಯ ಸಂಚಾರವನ್ನು ತಡೆದಾಗ ಲೋಕವೇನೂ ಮುಳುಗಲಿಲ್ಲ. ಮಿತಿಗೆ ಜನ ಹೊಂದಿಕೊಂಡರು. ಹಾಗೆಯೇ ಬೆಂಕಿಯ ತಿಂಗಳುಗಳಲ್ಲಿ ಸಫಾರಿಯ ಸುತ್ತುಗಳನ್ನು ಇಳಿಸುವುದೂ ಕಷ್ಟವಲ್ಲ. ಬತ್ತಿದ ಕೆರೆಯ ಬಳಿ ನೀರಿಗಾಗಿ ಬಂದ ತಾಯಿ ಆನೆಯೊಂದು ನಾಲ್ಕು ವಾಹನಗಳ ಇಂಜಿನು ನಿಲ್ಲುವುದನ್ನು ಕಾಯುತ್ತ ಮರಿಯೊಡನೆ ಮರೆಯಲ್ಲಿ ನಿಂತಿರಬೇಕಾದುದು ನ್ಯಾಯವಲ್ಲ. ಆದಾಯ ಸ್ವಲ್ಪ ತಗ್ಗೀತು, ಅಷ್ಟೆ.

ಇಳಿಸಿದ ಸುತ್ತುಗಳಲ್ಲಿ ಉಳಿದ ಜಾಗವನ್ನು ಯಾರಿಗೆ ಕೊಡಬೇಕೆಂಬುದು ಯೋಚಿಸತಕ್ಕ ವಿಷಯ. ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಿಂದ ನಾಗರಹೊಳೆ ದೂರವಿಲ್ಲ. ಕಂಪಲಾಪುರದಿಂದ ಹೊರಟ ಬಸ್ಸು ಒಂದು ಗಂಟೆಯ ಆಸುಪಾಸಿನಲ್ಲಿ ವೀರನಹೊಸಹಳ್ಳಿಯನ್ನು ಮುಟ್ಟಬಲ್ಲದು. ಆದರೂ ಈ ಸೀಮೆಯ ಮಕ್ಕಳಲ್ಲಿ ಅನೇಕರು ಹುಲಿಯನ್ನು ದೂರದರ್ಶನದಲ್ಲಿಯೋ ಮೈಸೂರಿನ ಮೃಗಾಲಯದಲ್ಲಿಯೋ ಕಂಡಿರುತ್ತಾರೆಯೇ ಹೊರತು ತಮ್ಮ ತಾಲ್ಲೂಕಿನ ಪಕ್ಕದ ಕಾಡನ್ನು ಒಮ್ಮೆಯೂ ಹೊಕ್ಕಿರುವುದಿಲ್ಲ. ಲಕ್ಷ್ಮಣತೀರ್ಥದ ನೀರು ಕುಡಿಯುವ ಮಗುವಿಗೆ ಆ ಹೊಳೆ ಹರಿದು ಬಂದ ಕಾಡು ಅಪರಿಚಿತ. ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಅರಣ್ಯ ಇಲಾಖೆಯು ಚಿಣ್ಣರ ವನದರ್ಶನವೆಂಬ ಯೋಜನೆಯನ್ನು ರೂಪಿಸಿರುವುದು ಒಳ್ಳೆಯದೇ. ಅದು ಫಾಲ್ಗುಣದಲ್ಲಿಯೂ ನಡೆಯಬೇಕು. ಪರೀಕ್ಷೆಯ ಕಾಲವೆಂಬ ಅಡ್ಡಿ ಇದ್ದೇ ಇದೆ, ಒಂದು ದಿನವನ್ನು ಬಿಡಿಸಿಕೊಳ್ಳುವುದು ಅಸಾಧ್ಯವಲ್ಲ. ಮಕ್ಕಳನ್ನು ಹುಲಿಯ ಹಾದಿಗೆ ಒಯ್ಯುವ ಬದಲು ಮೊದಲು ಬೆಂಕಿ ರೇಖೆಯ ಮೇಲೆ ನಡೆಸಬೇಕು. ಸೊಪ್ಪಿನ ಕೊಂಬೆಯಿಂದ ಬೆಂಕಿಯನ್ನು ಬಡಿದು ಆರಿಸುವುದು ಹೇಗೆ, ಗಾಳಿ ತಿರುಗಿದಾಗ ಯಾವ ಕಡೆಗೆ ಓಡಬೇಕು, ಬೂರುಗದ ಕೆಳಗೆ ಬಿದ್ದ ಹೂವನ್ನು ಯಾವ ಪ್ರಾಣಿ ಕಚ್ಚಿದೆ ಎಂಬುದನ್ನು ಅವರಿಗೆ ಹೇಳಬೇಕಾದವನು ಹಾಡಿಯಿಂದ ಬಂದ ಆ ಬೆಂಕಿ ಕಾವಲುಗಾರನೇ. ಆ ಒಂದು ದಿನ ಅವನನ್ನು ಮೇಷ್ಟ್ರೆಂದು ಕರೆಯಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.