ಬೆಳೆಯಲ್ಲಿ ಪಾಲು, ಮಳೆಯಲ್ಲೂ ಪಾಲು

ಕಳೆದ ಆಗಸ್ಟ್ ತಿಂಗಳ ಒಂದು ಶನಿವಾರ. ಬೆಳಗಿನಿಂದಲೇ ಜೋರು ಮಳೆ. ಚಿಗಳ್ಳಿಯಿಂದ ಬಸ್ಸಿನಲ್ಲಿ ಬಂದ ನನ್ನ ಕೈಯಲ್ಲಿ ಪುಸ್ತಕದ ಬ್ಯಾಗಿನ ಜೊತೆ ಎಂದಿನಂತೆ ತರಕಾರಿಯ ಕೈಚೀಲಗಳಿದ್ದವು. ಒಂದು ಮನೆಯವರು ಚೀಲದೊಳಗೆ ಇಣುಕಿ ನೋಡಿ, "ಈ ವಾರಾನೂ ಹೀರೇಕಾಯಿ, ಪುಂಡಿಪಲ್ಲೆನಾ? ಟೊಮೆಟೊ ಒಂದೂ ಇಲ್ಲೇನಮ್ಮಾ?" ಎಂದರು. ಮುಂದಿನ ತಿಂಗಳಿಂದ ಬೇಡ ಎಂದೂ ಹೇಳಿದರು. ಆ ಮಳೆಗಾಲದಲ್ಲಿ ನಮ್ಮ ಹದಿನಾಲ್ಕು ಮನೆಗಳಲ್ಲಿ ಐದು ಮನೆಗಳು ಹೀಗೆ ಬಿಟ್ಟುಹೋದವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಪ್ರಶ್ನೆಗೆ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತಿದ್ದೇನೆ.

ಮೊದಲು ನಮ್ಮ ಹೊಲದ ಬಗ್ಗೆ ಹೇಳಬೇಕು. ಅಬ್ಬಾ ಮುಂಚೆ ಶುಂಠಿ ಮತ್ತು ಗೋವಿನಜೋಳ ಬೆಳೆಯುತ್ತಿದ್ದರು. ಶುಂಠಿ ಎಂದರೆ ಜೂಜು ಎಂಬುದು ಮುಂಡಗೋಡ ತಾಲ್ಲೂಕಿನ ರೈತರಿಗೆ ಗೊತ್ತು. ದರ ಬಂದರೆ ಮನೆ ಕಟ್ಟಬಹುದು, ಕೊಳೆರೋಗ ಬಂದರೆ ಇದ್ದ ಮನೆಯೂ ಹೋಗಬಹುದು. 2019ರ ಆಗಸ್ಟ್ ಮಳೆಗೆ ಚಿಗಳ್ಳಿ ಜಲಾಶಯದ ಏರಿ ಒಡೆದು ಗದ್ದೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಆ ವರ್ಷ ನಮ್ಮ ಶುಂಠಿಯೂ ಕೊಳೆತುಹೋಯಿತು, ಸಾಲ ಉಳಿಯಿತು. ಮನೆ ನಡೆಸಿದ್ದು ಅಮ್ಮಿಯ ಹಿತ್ತಲು. ಅಲ್ಲಿನ ಬದನೆ, ಮೆಂತ್ಯ, ಹರಿವೆಯನ್ನು ಅಕ್ಕಪಕ್ಕದವರು ಕೇಳಿ ಒಯ್ಯುತ್ತಿದ್ದರು. ಹಿತ್ತಲು ನಿಧಾನವಾಗಿ ಹೊಲಕ್ಕೆ ಹಬ್ಬಿತು. ಈಗ ಒಂದೂವರೆ ಎಕರೆಯಲ್ಲಿ ತರಕಾರಿಯಿದೆ. ರಾಸಾಯನಿಕ ಗೊಬ್ಬರ ಹಾಕುವುದಿಲ್ಲ, ವಿಷ ಹೊಡೆಯುವುದಿಲ್ಲ. ಗೌಳಿಗರ ದಡ್ಡಿಯಿಂದ ಸಗಣಿ ಗೊಬ್ಬರ ಬರುತ್ತದೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟನ್ನು 200 ಲೀಟರ್ ಡ್ರಮ್ಮಿನ ನೀರಿನಲ್ಲಿ ಕಲಸಿ ಜೀವಾಮೃತ ಮಾಡುವುದು ನನ್ನ ಭಾನುವಾರದ ಕೆಲಸ. ವಾಸನೆ ಬಗ್ಗೆ ಕೇಳಬೇಡಿ.

ನಮ್ಮ ವ್ಯವಸ್ಥೆ ಸರಳ. ಪಾಲುದಾರ ಮನೆಗಳು ಮೂರು ತಿಂಗಳ ಹಣವನ್ನು ಮೊದಲೇ ಕೊಡುತ್ತವೆ. ಬೀಜ, ಗೊಬ್ಬರ, ಆಳಿನ ಕೂಲಿಗೆ ಅದೇ ಬಂಡವಾಳ, ಬಡ್ಡಿ ಸಾಲ ಬೇಕಾಗುವುದಿಲ್ಲ. ಪ್ರತಿ ವಾರ ಹೊಲದಲ್ಲಿ ಬೆಳೆದದ್ದನ್ನು ಎಲ್ಲರಿಗೂ ಸಮನಾಗಿ ಹಂಚುತ್ತೇವೆ. ಚೆನ್ನಾಗಿ ಬೆಳೆದರೆ ಚೀಲ ತುಂಬುತ್ತದೆ, ಕಡಿಮೆ ಬೆಳೆದರೆ ತೆಳ್ಳಗಾಗುತ್ತದೆ.

ಇದು ನಮ್ಮ ಮನೆಯ ಹೊಸ ಶೋಧವೇನಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ, ಕೀಟನಾಶಕಕ್ಕೆ ಹೆದರಿದ ತಾಯಂದಿರು ರೈತರ ಜೊತೆ ನೇರವಾಗಿ ಒಪ್ಪಂದ ಮಾಡಿಕೊಂಡು 'ತೇಕೇ' ಎಂಬ ಪದ್ಧತಿ ಬೆಳೆಸಿದರು. 1986ರಲ್ಲಿ ಅಮೆರಿಕದ ಎರಡು ಸಣ್ಣ ತೋಟಗಳು ಇಂಥದ್ದೇ ಪದ್ಧತಿ ಆರಂಭಿಸಿದವು. ನಮ್ಮ ಕರ್ನಾಟಕ ಸರ್ಕಾರವೂ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು. ಪಕ್ಕದ ಶಿರಸಿಯಲ್ಲಿ 'ವನಸ್ತ್ರೀ' ಬಳಗದ ಮಹಿಳೆಯರು ಹಿತ್ತಲಿನ ನಾಟಿ ಬೀಜ ಉಳಿಸಿ ಹಂಚುತ್ತಿದ್ದಾರೆ. ಜೋಯಿಡಾದಲ್ಲಿ ಕುಣಬಿ ರೈತರ ಗೆಡ್ಡೆಗೆಣಸು ಮೇಳ ನಡೆಯುತ್ತದೆ. ಅಲ್ಲಿ ಮಾರಾಟಕ್ಕಿಡುವ ಗೆಡ್ಡೆಗಳಲ್ಲಿ ಎಷ್ಟಕ್ಕೆ ನಮ್ಮ ತರಗತಿಯವರು ಹೆಸರು ಹೇಳಬಲ್ಲರು?

ಈಗ ಟೊಮೆಟೊ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆಯ ಮಳೆಗಾಲದಲ್ಲಿ ಬಯಲಿನಲ್ಲಿ ಬೆಳೆದ ಟೊಮೆಟೊಗೆ ಅಂಗಮಾರಿ ರೋಗ ಬೇಗ ತಗಲುತ್ತದೆ. ಉಳಿಸಬೇಕೆಂದರೆ ಔಷಧಿ ಹೊಡೆಯಬೇಕು, ಮಳೆ ತೊಳೆದರೆ ಮತ್ತೆ ಹೊಡೆಯಬೇಕು. ಮಳೆಗಾಲಕ್ಕೆ ತನ್ನದೇ ತರಕಾರಿಗಳಿವೆ: ಹೀರೇಕಾಯಿ, ಹಾಗಲ, ಪಡುವಲ, ಬೆಂಡೆ, ಸೌತೆ, ಕೆಸುವಿನ ಸೊಪ್ಪು, ಕೆಲವೇ ವಾರ ಸಿಗುವ ಮಾಡಹಾಗಲ. ಚಳಿಗಾಲ ಬಂದರೆ ಬದನೆ, ಅವರೆ, ಮೂಲಂಗಿ, ಮೆಂತ್ಯ, ಸಬ್ಬಸಿಗೆ, ಆಗ ಟೊಮೆಟೊ ಕೂಡ. ಬೇಸಿಗೆಗೆ ಬಸಳೆ, ನುಗ್ಗೆ, ಅಟ್ಟದಲ್ಲಿಟ್ಟ ಕುಂಬಳಕಾಯಿ. ಹುಳಿಗೆ ಟೊಮೆಟೊವೇ ಬೇಕೆಂಬುದು ಇತ್ತೀಚಿನ ರೂಢಿ. ಟೊಮೆಟೊ ಅಮೆರಿಕ ಖಂಡದಿಂದ ಬಂದ ಅತಿಥಿ. ಅದಕ್ಕೂ ಮುಂಚೆ ನಮ್ಮ ಅಡುಗೆಮನೆಗಳಲ್ಲಿ ಹುಣಸೆ, ಮುರುಗಲು, ಅಮಟೆಕಾಯಿ, ಪುಂಡಿ ಇದ್ದವು. ನಮ್ಮ ದಾದಿ ಮಾಡುವ ಅಂಬಾಡೆ ಭಾಜಿ ಅದೇ ಪುಂಡಿಪಲ್ಲೆ, ಮದುವೆ ಮನೆಯ ದಾಲ್ಚಾದಲ್ಲಿ ತೇಲುವುದು ಅದೇ ಸೋರೆಕಾಯಿ. ಮದುವೆಯಲ್ಲಿ ಕೇಳಿ ಬಡಿಸಿಕೊಳ್ಳುವವರು ಚೀಲದಲ್ಲಿ ಕಂಡರೆ ಮುಖ ಸಿಂಡರಿಸುವುದೇಕೆ?

2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಕೆಲವು ತಿಂಗಳ ಹಿಂದೆ ಮತ್ತು ಮುಂದೆ ಅದೇ ಟೊಮೆಟೊವನ್ನು ರೈತರು ದರವಿಲ್ಲದೆ ರಸ್ತೆಗೆ ಸುರಿದ ಸುದ್ದಿಯನ್ನೂ ಓದಿದ್ದೇವೆ. ಒಮ್ಮೆ ತಿನ್ನುವವರು ಅಳುತ್ತಾರೆ, ಇನ್ನೊಮ್ಮೆ ಬೆಳೆದವರು. ಪಾಲಿನ ಚೀಲಕ್ಕೆ ಆ ವರ್ಷವೂ ಅದೇ ಹಣ.

"ನಿಮ್ಮ ಬೆಳೆ ಹೋದರೆ ನಾನೇಕೆ ನಷ್ಟ ತಡೆದುಕೊಳ್ಳಬೇಕು?" ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು: ಆ ನಷ್ಟ ಹೇಗೂ ಯಾರೋ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಸಂತೆಯಲ್ಲಿ ಅದು ಒಂದೇ ಮನೆಯ ಮೇಲೆ ಬೀಳುತ್ತದೆ, ಹದಿನಾಲ್ಕು ಮನೆ ಹಂಚಿಕೊಂಡರೆ ಒಂದೊಂದಕ್ಕೂ ಎರಡು ಹೀರೇಕಾಯಿ ಕಡಿಮೆಯಾದಷ್ಟೇ. ನಮ್ಮ ಧರ್ಮದ ಪಾಠದಲ್ಲಿ 'ಉಶ್ರ್' ಬಗ್ಗೆ ಓದುತ್ತೇವೆ. ಮಳೆಯ ನೀರಿನಲ್ಲೇ ಬೆಳೆದ ಬೆಳೆಯಲ್ಲಿ ಹತ್ತರಲ್ಲಿ ಒಂದು ಭಾಗ ದಾನ, ನೀರೆತ್ತಿ ಹಾಯಿಸಿ ಬೆಳೆದದ್ದಾದರೆ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ. ರೈತ ಎಷ್ಟು ದುಡಿದ, ಎಷ್ಟು ಖರ್ಚು ಮಾಡಿದ ಎಂಬುದನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯಲಾಗಿದೆ. ಅನ್ನ ತಿನ್ನುವವರು ಬೆಳೆದವರ ಕಷ್ಟವನ್ನೂ ಲೆಕ್ಕ ಹಾಕಬೇಕೆಂದು ನಾನು ಅದರಿಂದ ಕಲಿತದ್ದು.

ಒಂದು ತಪ್ಪೊಪ್ಪಿಗೆಯೂ ಇದೆ. ಐದನೇ ಮನೆ ಬಿಟ್ಟ ವಾರ ನಾನೇ ಅಮ್ಮಿಗೆ, "ಸಂತೆಯಿಂದ ಟೊಮೆಟೊ ತಂದು ಚೀಲಗಳಲ್ಲಿ ಹಾಕೋಣ, ಯಾರಿಗೆ ಗೊತ್ತಾಗುತ್ತೆ?" ಎಂದಿದ್ದೆ. ಅಮ್ಮಿ ಬೈಯಲಿಲ್ಲ. "ಅವರು ನಂಬಿಕೆಗೆ ದುಡ್ಡು ಕೊಡ್ತಾರೆ ಮಗಾ, ಟೊಮೆಟೊಗಲ್ಲ" ಎಂದರು, ಅಷ್ಟೇ. ಆ ಮಾತು ಇನ್ನೂ ಚುಚ್ಚುತ್ತಿದೆ.

ಎಲ್ಲವೂ ಸುಲಭ ಎಂದು ಹೇಳುತ್ತಿಲ್ಲ. ರಾಸಾಯನಿಕ ಬಿಟ್ಟ ಮೊದಲ ವರ್ಷಗಳಲ್ಲಿ ನಮ್ಮ ಇಳುವರಿ ಇಳಿಯಿತು. ಬದನೆಗೆ ಹುಳು ಬೀಳುತ್ತದೆ, ಹೆಚ್ಚಿ ನೋಡಿ ಬಳಸಬೇಕು. ಇಡೀ ಹಾಸ್ಟೆಲ್ಲಿಗೆ ವರ್ಷಪೂರ್ತಿ ತರಕಾರಿ ಕೊಡಲು ನಮ್ಮಂಥ ಒಂದು ಹೊಲದಿಂದ ಆಗದು.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ನಮ್ಮ ಹಾಸ್ಟೆಲ್ ಮೆಸ್ ವಾರದಲ್ಲಿ ಒಂದು ದಿನ ಸುತ್ತಲಿನ ಸಣ್ಣ ರೈತರ ತರಕಾರಿಯಲ್ಲಿ ಅಡುಗೆ ಮಾಡಲಿ. ಅದಕ್ಕೆ ಮೂರು ತಿಂಗಳ ಹಣ ಮುಂಗಡ ಕೊಡಲಿ. ಅಂದು ಏನು ಬೆಳೆದಿದೆಯೋ ಅದೇ ಪಲ್ಲೆ. ನಮ್ಮ ಮನೆಯಿಂದಲೇ ಕೊಳ್ಳಿ ಎನ್ನುತ್ತಿಲ್ಲ, ಈ ತಾಲ್ಲೂಕಿನಲ್ಲಿ ಅಂಥ ಹಿತ್ತಲುಗಳು ಬೇಕಾದಷ್ಟಿವೆ, ನಮ್ಮ ತರಗತಿಯ ಅರ್ಧ ಮಂದಿ ರೈತರ ಮಕ್ಕಳೇ. ಪ್ರಾಂಶುಪಾಲರು ಮತ್ತು ಮೆಸ್ ಸಮಿತಿಯವರು ಇದನ್ನು ಯೋಚಿಸಬೇಕೆಂದು ವಿನಂತಿ.

ಬಿಟ್ಟುಹೋದ ಐದರಲ್ಲಿ ಒಂದು ಮನೆ ಜನವರಿಯಲ್ಲಿ ಮರಳಿ ಬಂತು. ಅವರ ಚೀಲದಲ್ಲಿ ಅವರೆ, ಬದನೆ, ಮೆಂತ್ಯ ತುಂಬಿತ್ತು, ಟೊಮೆಟೊ ಕೂಡ ಇತ್ತು. ಅವರು ಸಂತೋಷಪಟ್ಟರು. "ಈ ಸಲ ಮಳೆಗಾಲದಲ್ಲೂ ಇರ್ತೀರಲ್ಲ?" ಎಂದು ಅಮ್ಮಿ ಕೇಳಿದರು. ಅವರು ನಕ್ಕು, "ನೋಡೋಣ" ಎಂದರು. ನಾವೂ ಕಾಯುತ್ತಿದ್ದೇವೆ. ಹೀರೇಕಾಯಿ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟಾಗಿದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಿಗಳ್ಳಿ