ಮಗಾ ಮಾಡಿದ್ರ ಹಾಬಿ, ಮಂದಿ ಮಾಡಿದ್ರ ಕಳ್ಳಭಟ್ಟಿ

ಮೊದಲಽ ಹೇಳಿಬಿಡ್ತೀನಿ, ಈ ಸಲ ರೆಸಿಪಿ ಇಲ್ಲ, ಜಗಳ ಅದ. ಹದಿನೈದು ದಿನದ ಹಿಂದ ನಮ್ಮನಿಯವರು ಮನಿತನದ ವಾಟ್ಸಾಪ್ ಗ್ರೂಪಿನ್ಯಾಗ ಒಂದು ಫೋಟೋ ಹಾಕಿದ್ರು. ನಮ್ಮ ಹುಡುಗ ಒಂದು ಡಬ್ಬಿ ಮುಂದ ನಿಂತು ನಗಲಿಕತ್ತಾನ, ಕೆಳಗ 'ಮಗಾ ಮನ್ಯಾಗ ಬೀರ್ ಮಾಡ್ಯಾನ' ಅಂತ ಬರದಾರ. ಹನ್ನೊಂದು ಮಂದಿ ಹೆಬ್ಬಟ್ಟು ಒತ್ತೀರಿ. ಅದರಾಗ ಮೂರು ಮಂದಿ ನನಗ ವೈನಿ ಆಗಬೇಕು, ಒಬ್ಬಾಕಿ ಖಾಸ ನಾದಿನಿ. 'ಹೊರಗ ಹೋಗಿ ಕುಡಿಯೂಕಿಂತ ಮನ್ಯಾಗ ಮಾಡ್ಕೊಂಡ್ರ ಶುದ್ಧರ ಇರ್ತದ' ಅಂತನೂ ಒಬ್ರು ಬರದೀರಿ. ನಾ ಅವತ್ತ ಬಾಯಿ ಬಿಡಲಿಲ್ಲ. ಅಲ್ಲೆ ಗಂಡಸರು ಇದ್ದಾರ, ಮಾತು ಮುಗಿಸಲಿಕ್ಕೆ ಬಿಡೂದಿಲ್ಲ. ಇಲ್ಲೆ ಹೇಳ್ತೀನಿ.

ಮತ್ತ ನನ್ನ ಕೈ ಶುದ್ಧ ಅದ ಅಂತ ತಿಳಕೋಬ್ಯಾಡ್ರಿ. ನಾನೂ ಇದರಾಗ ಪಾಲುದಾರಳು.

ಮಗಾ ಬೆಂಗಳೂರಿನ ಕಂಪನ್ಯಾಗ ಇದ್ದಾನ, ಏಪ್ರಿಲ್ ತಿಂಗಳು ಪೂರ್ತಿ ಇಲ್ಲಿಂದಽ ಕೆಲಸ ಮಾಡ್ಲಿಕ್ಕೆ ಬಂದಿದ್ದ. ಮೊಬೈಲಿನ್ಯಾಗ ಏನೇನೋ ನೋಡಿ ಕಿರಾಣಿ ಅಂಗಡಿಯಿಂದ ಎರಡು ಕಿಲೋ ಜವಿಗೋದಿ ತಂದು ನೀರಾಗ ಹಾಕಿದ. ಒಂದು ದಿನ ಆತು, ಎರಡು ದಿನ ಆತು, ಮೊಳಕಿ ಬರಲಿಲ್ಲ, ನಾತ ಬಂತು. ಹೋಗಿ ನೋಡಿದ್ರ ಪಾಲಿಶ್ ಮಾಡಿದ ಬೆಳ್ಳನ್ನ ಜವಿ, ಉರಿಮೂತ್ರಕ್ಕ ಗಂಜಿ ಕಾಸ್ತೀವಲ್ಲ, ಅದು. "ಅಲ್ಲೋ, ತೊಗರಿಬ್ಯಾಳಿ ಎಂದರ ಮೊಳಕಿ ಬರ್ತದೇನೋ? ಇದಕ್ಕ ಸಿಪ್ಪಿನೂ ಹೋಗ್ಯದ, ಮೂಗೂ ಹೋಗ್ಯದ" ಅಂದೆ. ಅಂವಾ ನನ್ನ ಮಾರಿ ಹಂಗಽ ನೋಡಿದ. ಇಂಜಿನಿಯರಿಂಗ್ ಓದಿದ ಮಗನಿಗೆ ಪಿಯುಸಿ ಓದಿದ ಅವ್ವ ಪಾಠ ಹೇಳೂ ಸಂದರ್ಭ ದಿನಾ ಬರೂದಿಲ್ರಿ. ಅಲ್ಲೇ ನಾ ಜಾರಿದೆ.

ಸಿಪ್ಪಿ ಸಹಿತ ಇದ್ದ ಜವಿಗೋದಿ ಹುಡುಕಿ ತಂದ. ನಾನಽ ರಾತ್ರಿ ನೆನಿ ಹಾಕಿದೆ, ನಾನಽ ಅರಿವಿ ಗಂಟು ಕಟ್ಟಿದೆ, ಮುಂಜಾನಿ ಸಂಜಿ ನೀರು ಚಿಮುಕಿಸಿದೆ. ನಾಲ್ಕು ದಿನಕ್ಕ ಕಾಳಿನಷ್ಟುದ್ದ ಮೊಳಕಿ ಬಂತು. ಮಾಳಗಿ ಮ್ಯಾಲೆ ಒಣಗಿಸಿ, ತಿಕ್ಕಿ ಬೇರು ಉದುರಿಸಿ, ಮರದಾಗ ಕೇರಿ, ಮಿಕ್ಸಿಯೊಳಗ ದಪ್ಪ ರವಾ ಹಂಗ ಒಡದು ಕೊಟ್ಟೆ. ಕೂಸಿಗೆ ರಾಗಿ ಮೊಳಕಿ ಹಿಟ್ಟು ಮಾಡ್ತೀವಲ್ಲ, ಅದಽ ಕೆಲಸ. ಇವರು ಇದಕ್ಕ 'ಮಾಲ್ಟ್' ಅಂತ ದೊಡ್ಡ ಹೆಸರು ಇಟ್ಕೊಂಡಾರ. ಒಂದೂಕಾಲು ಕಿಲೋ ಆತು, ಐದು ಲೀಟರಿಗೆ ಸಾಕು ಅಂದ.

ಆ ರವಾ ಬಿಸಿನೀರಾಗ ಒಂದು ತಾಸು ಇಡಬೇಕು, 65ರಿಂದ 67 ಡಿಗ್ರಿ. ಬೆರಳು ತಡೀಲಾರದಂಥಾ ಬಿಸಿ, ಆದರ ಕುದಿ ಬರಬಾರದು. ಕಾಳಿನೊಳಗಿನ ಹಿಟ್ಟನ್ನ ಸಕ್ಕರಿ ಮಾಡೂ ಶಕ್ತಿ ಮೊಳಕ್ಯಾಗ ಇರ್ತದ, ಕುದಿಸಿದ್ರ ಅದು ಸಾಯ್ತದ. ತಾಸಿನ ಮ್ಯಾಲೆ ಅರಿವ್ಯಾಗ ಸೋಸಿ ಒಂದು ಚಮಚಾ ಬಾಯಾಗ ಹಾಕ್ಕೊಂಡೆ. ಏನ್ ಸಿಹಿ ಅಂತೀರಿ! ಒಂದು ಕಾಳು ಸಕ್ಕರಿ ಹಾಕಿಲ್ಲ. ಮನೀ ತುಂಬ ಹೊಸಾ ರೊಟ್ಟಿ ಸುಟ್ಟಂಥ ವಾಸನಿ. ಅಲ್ಲಿಗೇ ಒಲಿ ಆರಿಸಿದ್ದಿದ್ರ ನಾ ಇವತ್ತ ಜಗಳ ಬರೀತಿದ್ದಿಲ್ಲ, ರೆಸಿಪಿನಽ ಬರೀತಿದ್ದೆ.

ಮುಂದ ಅದನ್ನ ಒಂದು ತಾಸು ಕುದಿಸಿದ. ಕುದಿಯೂಮುಂದ ಕೊರಿಯರಿನ್ಯಾಗ ತರಿಸಿದ ಹಾಪ್ಸ್ ಅನ್ನೂ ಹೂವು ಹಾಕಿದ, ಕಿರಾತಕಡ್ಡಿಯಂಥಾ ಕಹಿ ಅದು. ಆಮ್ಯಾಲೆ ತಣ್ಣಗ ಮಾಡೂದು ಬಂತು. ತಡಾ ಆದ್ರ ಕೆಡ್ತದಂತ, ಲಗೂನ ಆರಬೇಕು. ಪಾತೇಲಿ ಟಬ್ಬಿನ್ಯಾಗ ಇಟ್ಟು ತಣ್ಣೀರು ಹಾಕಿದ, ಬಿಸಿ ಆತು, ಚೆಲ್ಲಿದ, ಮತ್ತ ಹಾಕಿದ. ಐದು ಬಕೀಟು ನೀರು. ನಮ್ಮ ಓಣ್ಯಾಗ ಬ್ಯಾಸಿಗ್ಯಾಗ ನಳ ಬರೂದು ಎಂಟು ದಿನಕ್ಕೊಮ್ಮೆ. ರಾತ್ರಿ ಎರಡಕ್ಕ ಎದ್ದು ಹಂಡೆ, ಕೊಡ, ಸಿಂಟೆಕ್ಸ್ ತುಂಬಿದಾಕಿ ನಾನು. ಬಕೀಟು ಎಣಿಸಿದಾಕಿನೂ ನಾನಽ. ತೊಳಿಯೂ ನೀರು ಬ್ಯಾರೆ, ಯಾಕಂದ್ರ ಇದರಾಗ ಪ್ರತಿಯೊಂದು ಸೌಟು, ಪೈಪು, ಡಬ್ಬಿ ಕುದಿಯೂ ನೀರಾಗ ಎದ್ದು ಬರಬೇಕು. ಐದು ಲೀಟರ್ ಬೀರಿಗೆ ನನ್ನ ಎರಡು ದಿನದ ನೀರು ಹೋತು. ಹೆಬ್ಬಟ್ಟು ಒತ್ತಿದವರು ಇದನ್ನ ಕೇಳಿದ್ರೇನು?

ಡಬ್ಬ್ಯಾಗ ಯೀಸ್ಟ್ ಹಾಕಿ, ಮುಚ್ಚಳಕ್ಕ ಒಂದು ಸಣ್ಣ ಪೈಪು ಹಾಕಿ, ಅದರ ತುದಿ ನೀರಿನ ಗ್ಲಾಸಿನ್ಯಾಗ ಇಟ್ಟ. ರಾತ್ರೆಲ್ಲಾ ಗುಳುಗುಳು. 20 ಡಿಗ್ರಿ ಆಸುಪಾಸು ಇರಬೇಕಂತ ಅದಕ್ಕ, ನಮ್ಮ ಕೋಣಿಯೊಳಗ 34. ಹಸಿ ಟಾವೆಲ್ ಸುತ್ತಿ, ಫ್ಯಾನು ಅದರ ಕಡೆ ತಿರುವಿ, ಕಡೀಕ ನನ್ನ ಫ್ರಿಜ್ಜಿಗೆ ಕಣ್ಣು ಹಾಕಿದ. "ಹಾಲು, ಹಿಟ್ಟು ಎಲ್ಲೆ ಇಡ್ಲೋ, ನಿನ್ನ ತಲಿ ಮ್ಯಾಲೆ?" ಅಂದೆ. ಎರಡು ವಾರ ತಡೀಬೇಕು ಅಂತ ತಾನಽ ಓದಿದ್ದ, ಆದ್ರ ಬೆಂಗಳೂರಿಗೆ ಹೋಗೂ ದಿನ ಹತ್ರ ಬಂದಿತ್ತು. ಆರನೇ ದಿನಕ್ಕ ಕಾಜಿನ ಸೋಡಾ ಬಾಟಲಿಗೆ ತುಂಬಿ, ಗ್ಯಾಸ್ ಹಿಡೀಲಿ ಅಂತ ಒಂದೊಂದು ಚಮಚಾ ಸಕ್ಕರಿ ಹಾಕಿ, ಬಿರಡಿ ಜಡದು, ಅಟ್ಟದ ಕೋಣ್ಯಾಗ ಇಟ್ಟ. ಯೀಸ್ಟಿಗೆ ಡಬ್ಬ್ಯಾಗಿನ ಸಕ್ಕರಿನಽ ಇನ್ನೂ ಮುಗದಿರಲಿಲ್ಲ, ಮ್ಯಾಲೆ ಇವನ ಸಕ್ಕರಿ, ಮ್ಯಾಲೆ ಮೇ ತಿಂಗಳ ಸೆಕಿ. ಹೊರಗ ಹೋಗಲಿಕ್ಕೆ ದಾರಿ ಇಲ್ಲದ ಗ್ಯಾಸ್ ಏನ್ ಮಾಡ್ತದ? ಮೂರನೇ ರಾತ್ರಿ ಎರಡು ಬಾಟಲಿ ಪಟಾಕ್ಷಿ ಹಂಗ ಒಡದ್ವು.

ಆ ಅಟ್ಟದ ಕೋಣ್ಯಾಗಽ ನನ್ನ ವರ್ಷದ ಸಂಡಿಗಿ, ಕುರಡಿಗಿ, ಹಪ್ಪಳ ಇದ್ವು. ಆರಲಿ ಅಂತ ಮುಚ್ಚಳ ತಗದಿಟ್ಟಿದ್ದೆ. ಕಾಜಿನ ಚೂರು ಬಿದ್ದ ಸಂಡಿಗಿ ಆರಿಸಿ ಕರಿಯೂ ಧೈರ್ಯ ನಿಮಗಿದ್ರ ಇರಲಿ, ನನಗಿಲ್ಲ. ಎರಡು ಡಬ್ಬಿ ತಿಪ್ಪಿಗೆ ಹೋದ್ವು. ನಮ್ಮನಿಯವರು "ಹೋಗ್ಲಿ ಬಿಡ, ಪೇಟ್ಯಾಗ ಸಿಗ್ತಾವ" ಅಂದ್ರು. ಬೀರೂ ಪೇಟ್ಯಾಗ ಸಿಗ್ತದಲ್ರಿ?

ಆದ್ರ ನನ್ನ ಜಗಳ ಸಂಡಿಗಿ ಸಲುವಾಗಿ ಅಲ್ಲ.

ಮರುದಿನ ಮುಂಜಾನಿ ನಮ್ಮ ಕೆಲಸದಾಕಿ ಬಂದ್ಲು. ಆಕಿ ಹೆಸರು ಬರಿಯೂದಿಲ್ಲ, ಆಕಿ ಮಗಳು ಇದನ್ನ ಓದ್ತಾಳ. ಕಸಬರಿಗಿ ಹಿಡಕೊಂಡು ಅಟ್ಟದ ಕೋಣಿ ಬಾಗಲಾ ತಗದಾಕಿ ಹೊಸ್ತಲದಾಗಽ ನಿಂತ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಯಾರ, ನಮ್ಮಂವ ಹೋದ ಮ್ಯಾಲೆ ಈ ವಾಸನಿ ಇವತ್ತಽ ನೋಡ್ರಿ ಮೂಗಿಗೆ ಬಡದದ್ದು" ಅಂದ್ಲು. ಸಿಟ್ಟಿಲ್ಲ, ಚುಚ್ಚು ಮಾತಿಲ್ಲ. ಅಷ್ಟಂದು ಕುಂತು ಕಾಜು ಆರಿಸಿದ್ಲು.

ಆಕಿ ಗಂಡ ಹೋಗಿ ನಾಲ್ಕು ವರ್ಷ ಆತು. ಮೊದಲ ಸಾರಾಯಿ ಪಾಕೀಟು ಕುಡೀತಿದ್ದ. 2007ರ ಜುಲೈದಾಗ ಸರಕಾರ ಸಾರಾಯಿ ಬಂದ್ ಮಾಡ್ತಲ್ಲ, ಆಕಿ ಆಗ ನಮ್ಮನಿಗೆ ಪೇಢಾ ತಂದು ಕೊಟ್ಟಿದ್ಲು. ಅಂವಾ ಬಂದ್ ಮಾಡಲಿಲ್ಲ, ಅಗ್ಗದ ವ್ಹಿಸ್ಕಿಗೆ ಹೋದ, ಖರ್ಚು ಹೆಚ್ಚಾತು ಅಷ್ಟ. ಆ ವರ್ಷಗಳಾಗ ನಾ ಆಕಿಗೆ ಎಷ್ಟು ಬುದ್ಧಿ ಹೇಳೀನಿ, ಅದನ್ನ ನೆನಿಸ್ಕೊಂಡ್ರ ಈಗ ಮೈ ಉರೀತದ. "ಮನ್ಯಾಗ ತರಲಿಕ್ಕೇ ಬಿಡಬಾರದು, ಹೊಸ್ತಲಾ ದಾಟಲಿಕ್ಕೆ ಬಿಡಬಾರದು." ಹೇಳಿದಾಕಿ ಯಾರು? ಮಗನಿಗೆ ಜವಿ ಮೊಳಕಿ ಕಟ್ಟಿ ಕೊಟ್ಟಾಕಿ.

ಈಗ ನೀವು ಹೇಳೂದು ನನಗ ಗೊತ್ತದ. ಬೀರು ಬ್ಯಾರೆ, ಸಾರಾಯಿ ಬ್ಯಾರೆ. ಖರೇ. ಕಾಳು ಹುಳಿಸಿ ಮಾಡಿದ ಬೀರು ಕುಡದು ಕಣ್ಣು ಹೋಗೂದಿಲ್ಲ, ಕಣ್ಣು ಹೋಗೂದು ಸ್ಪಿರಿಟ್ ಬೆರಸಿದ್ದನ್ನ ಕುಡದು. ಇದನ್ನ ನಾ ಒಪ್ತೀನಿ. ಮಗಾ ಇನ್ನೊಂದು ವಾದ ಹಾಕಿದ: "ಅವ್ವಾ, ನಿನ್ನ ಇಡ್ಲಿ ಹಿಟ್ಟು, ಅಂಬಲಿ, ಕುರಡಿಗೀಗೆ ಮೂರು ದಿನ ನೆನಿ ಇಡೂ ಗೋದಿ, ಎಲ್ಲಾ ಹುಳಿಸೂದಽ ಅಲ್ಲೇನು?" ಹೌದಪಾ, ಮೂವತ್ತು ವರ್ಷದಿಂದ ಹುಳಿಸ್ಲಿಕತ್ತೀನಿ. ಆದ್ರ ಅಂಬಲಿ ಕುಡದು ಯಾವ ಗಂಡಸೂ ಹೆಂಡತಿ ಮ್ಯಾಲೆ ಕೈ ಎತ್ತಿದ್ದು ನಾ ಕಂಡಿಲ್ಲ. ನನ್ನ ಹುಳಿ ಹಿಟ್ಟಿಗೆ ಯಾರೂ ಹೆಬ್ಬಟ್ಟು ಒತ್ತಿದ್ದೂ ಕಂಡಿಲ್ಲ.

ಇನ್ನ 'ಮನ್ಯಾಗ ಮಾಡ್ಕೊಂಡ್ರ ಶುದ್ಧ' ಅಂದ ನಮ್ಮ ವೈನಿಗೆ. ಕರ್ನಾಟಕದ ಅಬಕಾರಿ ಕಾಯ್ದೆ 1965ರದು. ಲೈಸನ್ಸ್ ಇಲ್ಲದ ಮದ್ಯ ಮಾರೂದಷ್ಟ ಅಲ್ಲ, ತಯಾರು ಮಾಡೂದೂ ಅಪರಾಧ, ಅದರಾಗ ಬೀರೂ ಬರ್ತದ. ನಮ್ಮ ಸುತ್ತಮುತ್ತಲಿನ ಊರಾಗ ಅಬಕಾರಿಯವರು ಹೋಗಿ ಕೊಡ ಒಡದು, ಬೆಲ್ಲದ ಕೊಳಿ ಚೆಲ್ಲಿ, ಹೆಂಗಸರನ್ನ ನಿಲ್ಲಿಸಿ ತಗದ ಫೋಟೋ ಪೇಪರಿನ್ಯಾಗ ನೀವೂ ನೋಡೀರಿ, ನಾನೂ ನೋಡೀನಿ. ಅದಕ್ಕ ಕಳ್ಳಭಟ್ಟಿ ಅಂತಾರ. ನಮ್ಮನಿ ಫೋಟೋಕ್ಕ ಹಾಬಿ ಅಂತಾರ. ಕಾಯ್ದೆಕ್ಕ ಎರಡೂ ಒಂದಽ. ನಮ್ಮ ಕಾಂಪೌಂಡಿನ ಒಳಗ ಯಾರೂ ಬರೂದಿಲ್ಲ ಅನ್ನೂ ಧೈರ್ಯಕ್ಕ ನೀವು ಶುದ್ಧ ಅಂತ ಹೆಸರಿಟ್ರಿ, ಅಷ್ಟ.

2019ರ ಜನವರ್ಯಾಗ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡಕೊಂಡು ಹೋದ್ರು, ಸಾರಾಯಿ, ವ್ಹಿಸ್ಕಿ ಎಲ್ಲಾ ಬಂದ್ ಮಾಡ್ರಿ ಅಂತ. ಸುಮಾರು 200 ಕಿಲೋಮೀಟರ್ರಿ. ಟಿವಿಯೊಳಗ ನೋಡಿ ನಾವೆಲ್ಲಾ "ಪಾಪ, ಕಾಲು ನೋಡ್ರಿ ಅವರದು" ಅಂದ್ವಿ. ಪೂರಾ ಬಂದ್ ಮಾಡಿದ್ರ ಬಗಿಹರೀತದೋ ಇಲ್ಲೋ, ಸಾರಾಯಿ ಬಂದ್ ಆದಾಗ ಆದದ್ದು ನೋಡಿದ ನನಗ ಅಷ್ಟು ನಂಬಿಗಿ ಇಲ್ಲ. ಆದ್ರ ಅವರು ನಡದದ್ದು ಯಾಕ ಅಂತ ಗೊತ್ತಿದ್ದಾಕಿ ನಾನು. ಗೊತ್ತಿದ್ದೂ ಅಡಗಿಮನಿ ಒಲಿ ಬಿಟ್ಟುಕೊಟ್ಟೆ.

'ಛೀ ಛೀ, ನಮ್ಮ ಮನ್ಯಾಗ ಇಂಥಾದ್ದು ಇಲ್ಲಪಾ' ಅಂತ ನನಗ ಫೋನ್ ಮಾಡಿದ ಇಬ್ಬರು ಮೌಶಿಗಳಿಗೂ ಒಂದು ಮಾತು. ನಿಮ್ಮ ಯಜಮಾನರು ವರ್ಷಕ್ಕೊಮ್ಮೆ ಗೋವಾಕ್ಕ ಹೋಗಿ ಬರೂಮುಂದ ಕಾರಿನ ಡಿಕ್ಕ್ಯಾಗ ಏನು ಬರ್ತದ ಅಂತ ಇಡೀ ಓಣಿಗೆ ಗೊತ್ತದ. ಗೋಡಂಬಿ ಅಷ್ಟ ಅಲ್ಲ.

ಮಗಾ ಇಪ್ಪತ್ತಾರು ವರ್ಷದಂವ. ಬೆಂಗಳೂರಾಗ ಏನು ಕುಡೀತಾನ, ಎಷ್ಟು ಕುಡೀತಾನ, ನಾ ಬೆನ್ನು ಹತ್ತಿ ಹೋಗಲಿಕ್ಕೆ ಆಗೂದಿಲ್ಲ, ಹೋಗೂದೂ ಇಲ್ಲ. ಆದ್ರ ನನ್ನ ಪಾತೇಲಿ, ನನ್ನ ನೀರು, ನನ್ನ ಅಟ್ಟ, ನನ್ನ ಕೆಲಸದಾಕಿ ಕೈಯಾಗಿನ ಕಸಬರಿಗಿ, ಇವು ಅವನ ಹಾಬಿಗೆ ಸಿಗೂದಿಲ್ಲ. ಅಂವಾ ಇದನ್ನ ಕೇಳಿ ಮಾರಿ ಸಣ್ಣದು ಮಾಡಿದ. ಉಳದ ಬಾಟಲಿಗೆ ದಪ್ಪ ಟಾವೆಲ್ ಸುತ್ತಿ ಒಂದೊಂದಽ ಬಿಚ್ಚಿ ತಾನಽ ಮೋರಿಗೆ ಸುರದ. ಒಂದು ಗುಟುಕು ರುಚಿ ನೋಡಿದ್ನಂತ, ಹುಳಿ ಬಾಳಿಹಣ್ಣಿನ ಹಂಗ ಇತ್ತಂತ. ನಾ ನೋಡಲಿಲ್ಲ.

ಕೆಲಸದಾಕಿಗೆ ಏನು ಹೇಳಬೇಕು ಅಂತ ಎರಡು ದಿನ ತಿಳೀಲಿಲ್ಲ. ಮೂರನೇ ದಿನ ಚಹಾ ಕುಡಿಯೂಮುಂದ "ತಪ್ಪಾತು ನೋಡವಾ" ಅಂದೆ. ಆಕಿ "ಇರ್ಲಿ ಬಿಡ್ರಿ ಬಾಯಾರ, ಹುಡುಗೂರು" ಅಂದು ಬಶಿ ತೊಳೀಲಿಕ್ಕೆ ಎದ್ಲು.

ಮಳಿ ಹತ್ತೂಕ್ಕಿಂತ ಮೊದಲ ಸಂಡಿಗಿ ಮತ್ತ ಹಾಕಬೇಕು. ಅಕ್ಕಿ ನೆನಿ ಇಟ್ಟೀನಿ. ಮಗಾ ಬೆಂಗಳೂರಿಗೆ ಹೋಗೂದು ಸೋಮವಾರ, ಭಾನುವಾರ ಮುಂಜಾನಿ ಹಿಟ್ಟಿನ ಪಾತೇಲಿ ಮಾಳಗಿಗೆ ಹೊರೂದು, ಬಿಸಲಾಗ ಕುಂತು ಕಾಗಿ ಹೊಡಿಯೂದು ಅವನ ಪಾಳಿ.