ಸಕ್ಕರೆ ಬೇಡದ ಚಹಾ

ಸೋದರಿಯರೇ, ಈ ಸಲ ತಿಂಡಿಯಲ್ಲ, ಚಹಾ. ಅದೂ ಮೊದಲು ನಾನು ಕೆಡಿಸಿದ ಚಹಾ!

ನನ್ನ ನಾದಿನಿಯ ಮಗ ಕೆಲಸದ ಮೇಲೆ ಚೀನಾಕ್ಕೆ ಹೋಗಿದ್ದವನು ಅಜ್ಜಿಗೆಂದು 50 ಗ್ರಾಂ ಚಹಾ ತಂದುಕೊಟ್ಟ. "ಕಾಡು ಚಹಾ ಅತ್ತೆ, ಅಲ್ಲಿ ಭಾರಿ ಬೆಲೆ" ಅಂದ. ಬಿಚ್ಚಿ ನೋಡಿದರೆ ಪುಡಿಯಲ್ಲ, ಹೊಸೆದು ಒಣಗಿಸಿದ ಉದ್ದುದ್ದ ಕಪ್ಪು ಎಲೆ. ನಾನೋ, ದಿನಾ ಮಾಡೋ ಹಾಗೆ ಒಂದು ಹಿಡಿ ಹಾಕಿ, ಹಾಲು ಸುರಿದು, ಏಲಕ್ಕಿ ಜಜ್ಜಿ ಚೆನ್ನಾಗಿ ಕುದಿಸಿದೆ. ಹುಡುಗ ಪಾಪ, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಏನೂ ಅನ್ನಲಿಲ್ಲ. ನಮ್ಮತ್ತೆಯವರು ಮಾತ್ರ "ಇದೇನೇ, ಪಾತ್ರೆ ತೊಳೆದ ನೀರು!" ಅಂದುಬಿಟ್ಟರು.

ತಪ್ಪು ಎಲೆಯದಲ್ಲ. ನಮ್ಮ ಅಂಗಡಿಯ ಚಹಾಪುಡಿಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸಣ್ಣ ಕಾಳು ಮಾಡಿರುತ್ತಾರೆ. ಈ ಸಿಟಿಸಿ ಯಂತ್ರ ಅಸ್ಸಾಮಿನಲ್ಲಿ ಶುರುವಾದದ್ದು 1930ರ ದಶಕದಲ್ಲಿ. ಆ ಕಾಳು ಕ್ಷಣದಲ್ಲಿ ಬಣ್ಣ ಬಿಡುತ್ತದೆ, ಹಾಲಿಗೂ ಜಗ್ಗುವುದಿಲ್ಲ. ಇಡೀ ಎಲೆ ನಿಧಾನವಾಗಿ ಬಿಟ್ಟುಕೊಡುವಂಥದ್ದು. ಅದರ ಪರಿಮಳ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳ ಕಡೆ, ಆರೈಕೆ ಬಿಟ್ಟುಹೋದ ಹಳೆಯ ಚಹಾ ತೋಟಗಳು ಕಾಡಿನ ಜೊತೆ ಸೇರಿಕೊಂಡಿವೆ. ಸವರುವವರಿಲ್ಲ, ಗೊಬ್ಬರವಿಲ್ಲ, ಚಿಗುರೂ ಕಮ್ಮಿ. ವಸಂತದಲ್ಲಿ ಕಿತ್ತು, ಬಾಡಿಸಿ, ಹೊಸೆದು, ಗಾಳಿಗೆ ಕಂದಾಗಲು ಬಿಟ್ಟು ಒಣಗಿಸುತ್ತಾರೆ. ನಾವು ಕಪ್ಪು ಅನ್ನೋದನ್ನು ಚೀನೀಯರು 'ಹೋಂಗ್ ಚಾ', ಅಂದರೆ ಕೆಂಪು ಚಹಾ ಅಂತಾರೆ. ನಮ್ಮ 'ಚಹಾ' ಅವರ 'ಚಾ'ದಿಂದ ಬಂತು. 'ಟೀ' ಬಂದದ್ದು ಇದೇ ಫುಜಿಯಾನ್ ಕರಾವಳಿಯ 'ತೆ'ಯಿಂದ. ಹಾಗಂತ 'ಕಾಡು' ಅಂತ ಅಚ್ಚು ಹಾಕಿದ್ದೆಲ್ಲ ಕಾಡಿನದಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾರೋ ಕಾಡುಜೇನನ್ನು ನೆನಪಿಸಿಕೊಳ್ಳಿ!

ಮರುದಿನ ಹುಡುಗನೇ ಒಲೆಯ ಮುಂದೆ ನಿಂತು ಹೇಳಿಕೊಟ್ಟ. ಪಿಂಗಾಣಿ ಕಪ್ಪಿಗೆ ಬಿಸಿನೀರು ಹಾಕಿ ಚೆಲ್ಲಿ, ಕಪ್ಪು ಬೆಚ್ಚಗಾಗಲಿ. 4 ಗ್ರಾಂ ಎಲೆ ಹಾಕಿ ಸಾಸರು ಮುಚ್ಚಿ, ಅರೆಗಳಿಗೆ ಬಿಟ್ಟು ಮೂಸಿ ನೋಡಿ. ನನಗೆ ಬೆಲ್ಲದ ಪಾಕದ ವಾಸನೆ ಬಂತು. ಕುದಿದ ನೀರನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು, 100 ಮಿಲಿಲೀಟರಿನಷ್ಟು ಹಾಕಿ. ಹದಿನೈದು ಎಣಿಸುವಷ್ಟರಲ್ಲಿ ಪೂರ್ತಿ ಬಸಿದುಬಿಡಿ. ಎಲೆಯ ಮೇಲೆ ನೀರು ನಿಂತರೆ ಒಗರು. ಅದೇ ಎಲೆಗೆ ಮತ್ತೆ ನೀರು ಹಾಕಿ, ಪ್ರತಿ ಸಲ ಹತ್ತು ಎಣಿಕೆ ಜಾಸ್ತಿ. ಐದಾರು ಸಲ ಬರುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಇದೆಲ್ಲಿ ಸಾಧ್ಯ ಅಂತೀರಾ? ಒಂದು ದೊಡ್ಡ ಲೋಟ ನೀರಿಗೆ 3 ಗ್ರಾಂ ಹಾಕಿ, ಮೂರು ನಿಮಿಷ ಮುಚ್ಚಿಟ್ಟು ಸೋಸಿದರೂ ಆದೀತು.

ಮೊದಲ ಬಸಿ ತೆಳು. ಎರಡು ಮೂರನೆಯದೇ ಸೊಗಸು: ಜೇನಿನಂಥ ಸಿಹಿ, ಕೊನೆಗೆ ಚೂರು ಒಗರು. ಆಮೇಲೆ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಗಂಟಲಲ್ಲಿ ಸಿಹಿ ಉಳಿಯುತ್ತದೆ.

ನಮ್ಮತ್ತೆಯವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ಎರಡು ವರ್ಷದಿಂದ ಸಪ್ಪೆ ಚಹಾವನ್ನು ಕಷಾಯದ ಹಾಗೆ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು. ಅವತ್ತು ಮೂರು ಕಪ್ಪು ಕುಡಿದು, "ಕದ್ದು ಸಕ್ಕರೆ ಹಾಕಿದ್ದೀಯೇನೇ?" ಅಂತ ಕೇಳಿದರು. ಇಲ್ಲ ಅಂದರೆ ನಂಬಬೇಕಲ್ಲ! ನೆಂದ ಎಲೆಯನ್ನೇ ತಂದು ತೋರಿಸಿದೆ. ನನಗೆ ಕಣ್ಣಲ್ಲಿ ನೀರು ಬಂತು ನೋಡಿ. ಇದು ಔಷಧಿ ಅಂತ ಮಾತ್ರ ತಿಳಿಯಬೇಡಿ, ಅವರ ಮಾತ್ರೆ ತಪ್ಪಿಲ್ಲ. ರಕ್ತ ಕಮ್ಮಿ ಇರುವವರು ಯಾವ ಚಹಾವನ್ನೂ ಊಟದ ಜೊತೆ ಕುಡಿಯಬೇಡಿ, ಕಬ್ಬಿಣದಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ.

ಚೀನಾದ ಎಲೆ ನಮಗೆಲ್ಲಿ ಸಿಗಬೇಕು? ಡಾರ್ಜಿಲಿಂಗ್ ಅಥವಾ ನೀಲಗಿರಿಯ ಇಡೀ ಎಲೆ ತಂದು ಹೀಗೇ ಮಾಡಿ ನೋಡಿ. ಡಾರ್ಜಿಲಿಂಗಿನ ಹಳೆಯ ಗಿಡಗಳೂ ಚೀನಾ ಬೀಜದಿಂದ ಬಂದವೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಂಗಿನ ಹತ್ತಿರ ಬೇಡ. ನಮ್ಮನೆಯಲ್ಲಿ ಇನ್ನು ನಾಲ್ಕು ಸಲಕ್ಕಾಗುವಷ್ಟಿದೆ. ಡಬ್ಬಿ ಅತ್ತೆಯವರ ತಲೆದಿಂಬಿನ ಪಕ್ಕ ಸೇರಿದೆ, ನನ್ನ ಕೈಗೆ ಕೊಡುವುದಿಲ್ಲವಂತೆ.